ಶಾಲು ಹೊದ್ದ ಚಳಿಪೆಟ್ಟಿಗೆ

ಬಹಳ ಬಹಳ ಹಿಂದೆ, ಕೆಂಡಗಿರಿ ಎಂಬ ರಾಜ್ಯದಲ್ಲಿ, ಅರಸರ ಮನೆಯನ್ನು ಬಿಟ್ಟರೆ ಮರ್ಯಾದಸ್ಥ ಮನೆತನವೆಂದು ಹೇಳಿಸಿಕೊಳ್ಳುತ್ತಿದ್ದುದು ಒಂದೇ. ಅದು ನಮ್ಮದು. ನಮ್ಮನ್ನು ತಂಪಿನ ಮನೆಯವರು ಎಂದು ಕರೆಯುತ್ತಿದ್ದರು. ಒಂಬತ್ತು ತಲೆಮಾರು ಅರಮನೆಯ ಚಳಿಪೆಟ್ಟಿಗೆಯನ್ನು ನೋಡಿಕೊಂಡವರು ನಾವು. ಆ ಒಂಬತ್ತು ತಲೆಮಾರಿನಲ್ಲಿ ಒಂದು ಕುಡಿಕೆ ಹಾಲು ಒಡೆಯಲಿಲ್ಲ, ಒಂದು ಹಣ್ಣು ಕೊಳೆಯಲಿಲ್ಲ. ದರ್ಬಾರಿನಲ್ಲಿ ನಮಗೆ ಎರಡನೆಯ ಸಾಲಿನಲ್ಲಿ ಆಸನವಿತ್ತು. ನಮ್ಮ ಹೆಂಗಸರು ಬೀದಿಯಲ್ಲಿ ಬಂದರೆ ಮಾವುತನು ಪಟ್ಟದ ಆನೆಯನ್ನೇ ಪಕ್ಕಕ್ಕೆ ಸರಿಸುತ್ತಿದ್ದ. ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದು ಎಂಥ ಮನೆತನಕ್ಕೆ ನಡೆಯಿತು ಎಂಬುದು ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಕೆಂಡಗಿರಿಯ ಬಿಸಿಲು ಸಾಮಾನ್ಯ ಬಿಸಿಲಲ್ಲ. ಮಧ್ಯಾಹ್ನ ಕಲ್ಲಿನ ಮೇಲೆ ರೊಟ್ಟಿ ತಟ್ಟಿದರೆ ಬೇಯುತ್ತಿತ್ತು. ಹಾರುವ ಕಾಗೆ ಹಾರುತ್ತಲೇ ಬೀಳುತ್ತಿತ್ತು. ಅಂಥ ರಾಜ್ಯದಲ್ಲಿ ತಂಪಾದ ವಸ್ತು ಒಂದೇ ಒಂದು, ಅರಮನೆಯ ಚಳಿಪೆಟ್ಟಿಗೆ. ಆಳೆತ್ತರ, ಹಾಲಿನಂಥ ಬಿಳುಪು, ಮುಂದೆ ಒಂದು ಬಾಗಿಲು. ಪೆಟ್ಟಿಗೆಯ ಬೆನ್ನಿಗೆ ಒಂದು ಕರಿಯ ಹಾವು ಇಪ್ಪತ್ತೇಳು ಸುತ್ತು ಸುತ್ತಿಕೊಂಡು ಅಂಟಿತ್ತು. ಅದರ ಹೆಸರು ಸುರುಳಿ. ಪೆಟ್ಟಿಗೆಯ ಒಳಗಿನ ಬಿಸಿಯನ್ನೆಲ್ಲ ಅದು ಕುಡಿಯುತ್ತಿತ್ತು. ಕುಡಿದದ್ದನ್ನು ಹಿಂದಿನಿಂದ ಉಸಿರಾಗಿ ಹೊರಗೆ ಬಿಡುತ್ತಿತ್ತು. ಉಸಿರಾಡುವಾಗ ಗುಂಯ್ ಎಂದು ಒಂದು ಸದ್ದು. ಹಗಲೂ ರಾತ್ರಿ ಅದೇ ಸದ್ದು. ತಂಪನ್ನು ಯಾರೂ ತಯಾರಿಸುವುದಿಲ್ಲ. ಬಿಸಿಯನ್ನು ಹೊರಗೆ ಸಾಗಿಸಿದರೆ ಉಳಿಯುವುದೇ ತಂಪು. ಇಷ್ಟನ್ನು ನಮ್ಮ ಮನೆಯ ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುತ್ತಿದ್ದರು.

ಒಂಬತ್ತನೆಯ ತಲೆಮಾರಿನಲ್ಲಿ ಪೆಟ್ಟಿಗೆಯ ಬೀಗದ ಕೈ ಚೆಲ್ವಾಂಬೆಯ ಸೊಂಟಕ್ಕೆ ಬಂತು. ನಲವತ್ತು ದಾಟಿದ ವಿಧವೆ. ನೆಟ್ಟಗೆ ನಿಲ್ಲುವವಳು, ನೆಟ್ಟಗೆ ಮಾತನಾಡುವವಳು.

ಆಗ ಕೆಂಡಗಿರಿಯನ್ನು ಆಳುತ್ತಿದ್ದವನು ಧವಳಕೀರ್ತಿ. ಅವನಿಗೆ ಒಬ್ಬಳೇ ಮಗಳು, ಕೌಮುದಿ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆ ಮಗು ಹುಟ್ಟಿದ ದಿನ ಕಮಟಾಕ್ಷನೆಂಬ ಮಾಂತ್ರಿಕ ಅರಮನೆಯ ಬಾಗಿಲಿಗೆ ಬಂದಿದ್ದ. ಅವನು ಕೊಳೆತದ್ದನ್ನು ತಿಂದು ಬದುಕುವವನು. ಹಳಸಿದ ಅನ್ನ, ಕಮಟಿದ ತುಪ್ಪ, ಹುಳು ಬಿದ್ದ ಕಾಳು ಅವನಿಗೆ ಬಲ. ಅವನು ಬರುವ ಮೊದಲು ಅವನ ವಾಸನೆ ಬರುತ್ತಿತ್ತು. "ನಿನ್ನ ಕಣಜಗಳನ್ನೆಲ್ಲ ನನಗೆ ಬಿಡು. ಕೊಳೆಯಿಸಿ ತಿನ್ನುತ್ತೇನೆ" ಎಂದು ಕೇಳಿದ. ಅರಸ ಕಾವಲಿನವರಿಂದ ದಬ್ಬಿಸಿದ. ಹೋಗುವಾಗ ಕಮಟಾಕ್ಷ ತೊಟ್ಟಿಲನ್ನು ನೋಡಿ, "ಇವಳ ಮೈಯಲ್ಲಿ ಕೆಂಡ ಹುಟ್ಟಲಿ. ಇವಳು ಸತ್ತ ದಿನ ಈ ರಾಜ್ಯದ ಅನ್ನವೆಲ್ಲ ಕೊಳೆಯಲಿ" ಎಂದು ಶಪಿಸಿದ. ಅಂದೇ ಮಧ್ಯಾಹ್ನ ಮಗುವಿನ ಬಾಯಿಂದ ಹೊಗೆ ಬಂತು.

ಮೂರನೆಯ ದಿನ ದೂರದ ಹಿಮದ ಸೀಮೆಯಿಂದ ಒಬ್ಬ ಮುದುಕಿ ಜೋಗಿತಿ ಒಂದು ಭರಣಿ ತಂದುಕೊಟ್ಟಳು. ಅದರೊಳಗೆ ಚಂದ್ರಧೇನುವಿನ ಹಾಲು, ನೀಲಿ ಬಣ್ಣದ್ದು. "ದಿನಾ ನಡುಮಧ್ಯಾಹ್ನ ಒಂದು ಚಮಚ ಕೊಡಿ. ಎಂಟು ವರ್ಷಕ್ಕೆ ಸರಿಯಾಗಿ ಇದೆ. ಎಂಟನೆಯ ಹುಟ್ಟುಹಬ್ಬದ ಚಮಚ ಗಂಟಲಿಗೆ ಇಳಿದರೆ ಶಾಪ ಮುಗಿಯಿತು. ಆದರೆ ಹಾಲು ತಂಪಾಗಿಯೇ ಇರಬೇಕು. ಬೆಚ್ಚಗಾದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆಗಲೂ ತಣಿಸಿದರೆ ಮತ್ತೆ ನೀಲಿಯಾಗುತ್ತದೆ. ಒಮ್ಮೆ ಕಪ್ಪಾಯಿತೋ, ಅದು ವಿಷ" ಎಂದು ಹೇಳಿ ಹೊರಟುಹೋದಳು.

ಭರಣಿಯನ್ನು ಚಳಿಪೆಟ್ಟಿಗೆಯಲ್ಲಿಟ್ಟರು. ಎಂಟು ವರ್ಷ ಚೆಲ್ವಾಂಬೆ ಒಂದು ದಿನವೂ ತಪ್ಪಿಸಲಿಲ್ಲ. ಬಿಸಿ ಪಾತ್ರೆಯನ್ನು ಒಳಗಿಡಲು ಯಾರನ್ನೂ ಬಿಡಲಿಲ್ಲ. ಏನು ತೆಗೆಯಬೇಕೆಂದು ಬಾಗಿಲ ಹೊರಗೇ ಯೋಚಿಸಿ, ಆಮೇಲೆ ತೆರೆದು, ತಕ್ಷಣ ಮುಚ್ಚುತ್ತಿದ್ದಳು. ಬಾಗಿಲು ತೆರೆದಿಟ್ಟುಕೊಂಡು ಒಳಗೆ ನೋಡುತ್ತಾ ನಿಲ್ಲುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕೌಮುದಿ ಅವಳನ್ನು ಚೆಲ್ವತ್ತೆ ಎಂದು ಕರೆಯುತ್ತಿದ್ದಳು.

ಹೀಗೆ ದಿನ ಕಳೆದು, ಎಂಟನೆಯ ಹುಟ್ಟುಹಬ್ಬಕ್ಕೆ ಮೂರೇ ದಿನ ಉಳಿದವು. ಭರಣಿಯಲ್ಲಿ ಮೂರೇ ಚಮಚ ಉಳಿದವು.

ಅರಸನಿಗೆ ಹಿಡಿಸಲಾರದ ಸಂತೋಷ. ಆಗ ಅರಮನೆಗೆ ಒಬ್ಬ ಪಂಡಿತ ಬಂದ. ಹಣೆತುಂಬ ಗಂಧ, ಕೊರಳಿಗೆ ಕರ್ಪೂರದ ಮಾಲೆ. ಕರ್ಪೂರದ ವಾಸನೆ ಎಷ್ಟೆಂದರೆ ಬೇರೆ ಯಾವ ವಾಸನೆಯೂ ಮೂಗಿಗೆ ತಾಗುತ್ತಿರಲಿಲ್ಲ.

"ಮಹಾಪ್ರಭು, ಗಾಯಕರಿಗೆ ಸನ್ಮಾನ ಮಾಡಿದಿರಿ, ಜಟ್ಟಿಗಳಿಗೆ ಸನ್ಮಾನ ಮಾಡಿದಿರಿ. ಮಗಳ ಪ್ರಾಣ ಕಾಯ್ದ ಪೆಟ್ಟಿಗೆಗೆ ಒಂದು ಶಾಲು ಬೇಡವೇ? ನೋಡಿ, ಪಾಪ, ಭಿಕ್ಷುಕನ ಹಾಗೆ ಗೋಡೆಯಿಂದ ದೂರ ನಿಂತಿದೆ!" ಎಂದ ಪಂಡಿತ.

"ಹೌದಲ್ಲ! ನಮಗೆ ಹೊಳೆಯಲೇ ಇಲ್ಲವಲ್ಲ!" ಎಂದ ಅರಸ.

ಕೆಂಡಗಿರಿಯಲ್ಲಿ ಯಾರಿಗೆ ಗೌರವ ಮಾಡಬೇಕಾದರೂ ಶಾಲು ಹೊದಿಸುವುದು, ಹಾರ ಹಾಕುವುದು, ಹಣ್ಣಿನ ಬುಟ್ಟಿ ಕೊಡುವುದು ಪದ್ಧತಿ. ಅರಮನೆಯ ಪಾರುಪತ್ತೇಗಾರ ತಿಮ್ಮರಸಯ್ಯನಿಗೆ ಇಂಥ ಏರ್ಪಾಡೆಂದರೆ ಊಟಕ್ಕಿಂತ ಪ್ರೀತಿ. ಅವನು ಎಂಟು ಆಳುಗಳನ್ನು ಕರೆದು ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸಿದ. ಹತ್ತು ಮೊಳದ ಜರಿಯ ಶಾಲನ್ನು ತಲೆಯಿಂದ ಬೆನ್ನಿನವರೆಗೆ ಹೊದಿಸಿದ. ನೆತ್ತಿಯ ಮೇಲೆ ಪೇಟ, ಪೇಟದ ಪಕ್ಕದಲ್ಲಿ ಹಣ್ಣಿನ ಬುಟ್ಟಿ.

ಚೆಲ್ವಾಂಬೆ ಮುಂದೆ ಬಂದಳು. "ಮಹಾಪ್ರಭು, ಹಾವಿಗೆ ಉಸಿರಾಡಲು ಹಿಂದೆ ಒಂದು ಗೇಣು ಜಾಗ ಬೇಕು. ಶಾಲು ಹೊದಿಸಿದರೆ ಅದರ ಉಸಿರು ಕಟ್ಟುತ್ತದೆ."

ತಿಮ್ಮರಸಯ್ಯ ಹೊಟ್ಟೆ ಕುಣಿಸಿ ನಕ್ಕ. "ಏನಮ್ಮಾ ಚೆಲ್ವಾಂಬೆ, ಶಾಲು ಪೆಟ್ಟಿಗೆಗೆ ಬಂತು, ನಿನಗೆ ಬರಲಿಲ್ಲ ಅಂತ ಹೊಟ್ಟೆಯುರಿಯೇ? ಒಳಗೆ ಹೋಗಿ ಕೂತ್ಕೋ, ತಣ್ಣಗಾಗುತ್ತೆ!"

ಸಭೆಯೆಲ್ಲ ನಕ್ಕಿತು. ಅರಸನೂ ಸ್ವಲ್ಪ ನಕ್ಕ. "ಇರಲಿ ಬಿಡು, ಮಂಗಳಕಾರ್ಯ. ನಾಳೆ ತೆಗೆದರಾಯಿತು" ಎಂದ. ಪಂಡಿತ ಮಾತ್ರ ನಗಲಿಲ್ಲ. ಅವನು ಚೆಲ್ವಾಂಬೆಯನ್ನು ದಿಟ್ಟಿಸಿ ನೋಡಿದ. ಅವನ ಕಣ್ಣುಗುಡ್ಡೆ ಹಳೆಯ ತುಪ್ಪದ ಬಣ್ಣಕ್ಕಿತ್ತು.

ಮರುದಿನ ಬೆಳಿಗ್ಗೆ ಚೆಲ್ವಾಂಬೆ ಎದ್ದಾಗ ಅರಮನೆಯಲ್ಲಿ ಏನೋ ಇಲ್ಲವೆನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಗುಂಯ್ ಎಂಬ ಸದ್ದು ಇರಲಿಲ್ಲ.

ಓಡಿಬಂದು ಬಾಗಿಲು ತೆರೆದಳು. ಬೆಚ್ಚನೆಯ ಗಾಳಿ ಮುಖಕ್ಕೆ ಹೊಡೆಯಿತು. ಭರಣಿಯ ಹಾಲು ನೀಲಿಯಿಂದ ಬೂದಿಗೆ ತಿರುಗುತ್ತಿತ್ತು.

"ನಾನು ಹೇಳಲಿಲ್ಲವೇ ಮಹಾಪ್ರಭು!" ಎಂದು ಚೆಲ್ವಾಂಬೆಗಿಂತ ಮೊದಲು ಕೂಗಿದವನು ತಿಮ್ಮರಸಯ್ಯ. "ಶಾಲಿನ ಹೊಟ್ಟೆಯುರಿಗೆ ಇವಳೇ ರಾತ್ರಿಯೆಲ್ಲ ಬಾಗಿಲು ತೆರೆದಿಟ್ಟಿದ್ದಾಳೆ!"

ಭಯದಲ್ಲಿರುವವರು ಮೊದಲು ಕೇಳಿದ ಮಾತನ್ನು ನಂಬುತ್ತಾರೆ. ಅರಸನೂ ನಂಬಿದ. ಕೂಡಲೇ ಅರಮನೆಯ ಕಡತ ತರಿಸಿ ಕರಣಿಕನಿಂದ ಒಂದು ಸಾಲು ಬರೆಸಿದ: "ತಂಪಿನ ಮನೆಯ ಚೆಲ್ವಾಂಬೆಯು ಮತ್ಸರದಿಂದ ಪೆಟ್ಟಿಗೆಯ ಬಾಗಿಲನ್ನು ತೆರೆದಿಟ್ಟಳು." ಆಮೇಲೆ ಹೇಳಿದ: "ಮೂರು ಮಧ್ಯಾಹ್ನ ನಿನಗೆ ಕೊಟ್ಟಿದ್ದೇವೆ. ಪೆಟ್ಟಿಗೆ ಸರಿಮಾಡು. ನನ್ನ ಮಗಳು ಸತ್ತರೆ ನಿನ್ನನ್ನು ಅದರೊಳಗೇ ಕೂಡಿ ಬೀಗ ಹಾಕಿಸುತ್ತೇನೆ."

ಚೆಲ್ವಾಂಬೆ ಪೆಟ್ಟಿಗೆಯ ಒಳಗನ್ನು ನೋಡಿದಳು. ಕತ್ತಲೆ, ಬಿಸಿ, ಒಬ್ಬರು ಮಂಡಿ ಮಡಚಿ ಕೂರುವಷ್ಟೇ ಜಾಗ. ಭರಣಿಯನ್ನು ಸದ್ಯಕ್ಕೆ ಒಳಗೇ ಬಿಟ್ಟು, ಬಾಗಿಲು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿದಳು. ಭರಣಿ ತಣಿಸಲು ಒಂದು ಮಣ್ಣಿನ ಗಡಿಗೆಗೆ ಮರಳು ತುಂಬಿ, ನೀರು ಸುರಿದು ಸಿದ್ಧಮಾಡಿಟ್ಟಳು. ಶಾಲಿಗೆ ಕೈ ಹಾಕುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದ.

ಕೆಂಡಗಿರಿಯಲ್ಲಿ ನಡುಮಧ್ಯಾಹ್ನ ನೆರಳು ಇರುವುದಿಲ್ಲ. ಕಂಬಗಳ ನೆರಳು ಕಂಬದೊಳಗೆ ಸೇರಿತು. ಅವಳ ನೆರಳು ಅವಳ ಕಾಲಡಿಗೆ ಸೇರಿತು. ಕಮಟು ವಾಸನೆ ಬಂತು. ಕಣ್ಣು ಮಿಟುಕಿಸಿ ನೋಡಿದರೆ, ಗೋಡೆಗೆ ಒತ್ತಿಕೊಂಡು ಮೂರು ಚಳಿಪೆಟ್ಟಿಗೆಗಳು ನಿಂತಿದ್ದವು. ಮೂರಕ್ಕೂ ಒಂದೇ ಬಿಳುಪು, ಒಂದೇ ಶಾಲು, ಒಂದೇ ಪೇಟ.

ಗೋಡೆಯೊಳಗಿನಿಂದ ಕಮಟಾಕ್ಷನ ದನಿ ಬಂತು. ಅದು ಕರ್ಪೂರದ ಮಾಲೆಯ ಪಂಡಿತನದೇ ದನಿ. "ನಿನ್ನ ಪೆಟ್ಟಿಗೆ ಯಾವುದಮ್ಮ, ತಂಪಿನ ಮನೆಯವಳೇ? ಒಂದರಲ್ಲಿ ಹಾಲಿದೆ. ಎರಡರಲ್ಲಿ ನಾನಿದ್ದೇನೆ. ತೆರೆ, ತೆರೆ."

ಒಂದು ಪೆಟ್ಟಿಗೆಯ ಒಳಗಿನಿಂದ ಉಗುರಿನಲ್ಲಿ ಕೆರೆಯುವ ಸದ್ದು ಕೇಳಿತು. ಆಮೇಲೆ ಕೌಮುದಿಯ ದನಿ: "ಚೆಲ್ವತ್ತೆ, ಒಳಗೆ ಕತ್ತಲೆ. ಉಸಿರು ಕಟ್ಟುತ್ತೆ. ಬೇಗ ತೆಗಿ ಚೆಲ್ವತ್ತೆ."

ಚೆಲ್ವಾಂಬೆಯ ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಎಳೆದುಕೊಂಡಳು. ಅವಳ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. "ಮುಖ ನೋಡಬೇಡ, ಬೆನ್ನು ನೋಡು. ಮುಖವನ್ನು ಯಾರು ಬೇಕಾದರೂ ತೊಳೆದಿಡಬಹುದು." ಪ್ರತಿ ಪೆಟ್ಟಿಗೆಗೂ ಬೆನ್ನಿನ ಕೆಳತುದಿಯಲ್ಲಿ ಒಂದು ತಾಮ್ರದ ಪಟ್ಟಿ ಇರುತ್ತದೆ. ಮಾಡಿದವರು ಯಾರು, ಹುಟ್ಟಿದ ವರ್ಷ ಯಾವುದು, ಎಷ್ಟನೆಯದು, ಹಾವು ಎಷ್ಟು ಕುಡಿಯುತ್ತದೆ, ಎಲ್ಲ ಅದರಲ್ಲಿ ಕೊರೆದಿರುತ್ತದೆ. ಅದೇ ಪೆಟ್ಟಿಗೆಯ ಜಾತಕ.

ಅವಳು ಕಾದ ನೆಲದ ಮೇಲೆ ಬೋರಲು ಮಲಗಿದಳು. ಕೆನ್ನೆ ಸುಟ್ಟಿತು. ಗೋಡೆಗೂ ಪೆಟ್ಟಿಗೆಗೂ ನಡುವೆ ಬೆರಳು ತೂರುವಷ್ಟೇ ಸಂದು. ಕಣ್ಣಿಗೆ ಏನೂ ಕಾಣದು. ಮೊದಲನೆಯ ಪೆಟ್ಟಿಗೆಯ ಹಿಂದೆ ಬೆರಳು ತೂರಿಸಿ ತಡವಿದಳು. ತಾಮ್ರದ ಪಟ್ಟಿ ಸಿಕ್ಕಿತು. ಅದರ ತುಂಬ ಬಿರುದಾವಳಿ. ಶ್ರೀಮಂತ, ಧೀಮಂತ, ಶೀತಲಸಾರ್ವಭೌಮ. "ನಿಜವಾದ ಪಟ್ಟಿಯಲ್ಲಿ ಹೊಗಳಿಕೆ ಇರುವುದಿಲ್ಲ" ಎಂದುಕೊಂಡು ಕೈ ತೆಗೆದಳು. ತೆಗೆಯುವಾಗ ಏನೋ ಒದ್ದೆಯಾದದ್ದು ಅವಳ ಬೆರಳನ್ನು ನೆಕ್ಕಿತು.

ಎರಡನೆಯದರ ಹಿಂದೆ ತಡವಿದಳು. ಹೆಸರು ಸರಿ, ವರ್ಷ ಸರಿ, ಸಂಖ್ಯೆ ಸರಿ. ಅವಳಿಗೆ ಸಂತೋಷವಾಯಿತು. ಆದರೂ ಪಟ್ಟಿಯ ಅಂಚನ್ನು ಪೂರ್ತಿ ತಡವಿದಳು. ಅಂಚು ನುಣ್ಣಗಿತ್ತು. ನಮ್ಮ ಮನೆತನದಲ್ಲಿ ಬೀಗದ ಕೈ ಪಡೆದ ದಿನ ಆ ಪಟ್ಟಿಯ ಅಂಚಿನಲ್ಲಿ ಮೊಳೆಯಿಂದ ಒಂದು ಗೀರು ಎಳೆಯುವ ಪದ್ಧತಿ. ಅದು ಹೊರಗಿನವರಿಗೆ ಗೊತ್ತಿಲ್ಲ. ಮಾಂತ್ರಿಕನಿಗೂ ಗೊತ್ತಿಲ್ಲ.

ಮೂರನೆಯದರ ಹಿಂದೆ ತಡವಿದಳು. ಒಂದು ಗೀರು, ಎರಡು ಗೀರು, ಮೂರು ಗೀರು. ಒಂಬತ್ತನೆಯದು ಅವಳದೇ, ಸ್ವಲ್ಪ ಸೊಟ್ಟ.

ಎದ್ದು ನಿಂತು ಮೂರನೆಯ ಬಾಗಿಲನ್ನು ತೆರೆದಳು. ಉಳಿದೆರಡು ಪೆಟ್ಟಿಗೆಗಳು ಕೊಳೆತ ಕುಂಬಳಕಾಯಿಯ ಹಾಗೆ ಕುಸಿದು, ನೆಲದಲ್ಲಿ ಇಂಗಿದವು. ಮೊದಲ ಚಮಚ ಬೂದು ಬಣ್ಣದ್ದೇ ಆದರೂ ಕೌಮುದಿಯ ಗಂಟಲಿಗೆ ಇಳಿಯಿತು. ಮಗು ಕೆಮ್ಮಿತು. ಜ್ವರ ಅರ್ಧ ಇಳಿಯಿತು, ಅರ್ಧ ಉಳಿಯಿತು. ಚೆಲ್ವಾಂಬೆ ಭರಣಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಹೂತಳು. ಶಾಲನ್ನು ಸೆಳೆದು ನೆಲಕ್ಕೆ ಹಾಕಿದಳು. ಬೆಳಗಾಗುವವರೆಗೆ ಭುಜ ಕೊಟ್ಟು, ಒಂದೊಂದೇ ಬೆರಳಿನಷ್ಟು, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಸರಿಸಿದಳು.

ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು. ಸುರುಳಿ ಹಾವಿನ ಕರಿಯ ಮೈ ಕಾಣುತ್ತಲೇ ಇರಲಿಲ್ಲ. ಶಾಲಿನ ನೂಲು, ಹೊದಿಸುವಾಗ ಎದ್ದ ಧೂಳು, ಗೋಡೆಯ ಸುಣ್ಣ, ಎಲ್ಲ ಸೇರಿ ಇಪ್ಪತ್ತೇಳು ಸುತ್ತಿಗೂ ಕಂಬಳಿಯಂತೆ ಮೆತ್ತಿಕೊಂಡಿತ್ತು. ಒಳಗೆಲ್ಲೋ ಹಾವು ನರಳುತ್ತಿತ್ತು.

ಅವಳು ಮೊಲದ ಕೂದಲಿನ ಕುಂಚ ಹಿಡಿದು ಮೇಲಿನ ಸುತ್ತಿನಿಂದ ಶುರು ಮಾಡಿದಳು. ಮೇಲಿನಿಂದ ಕೆಳಕ್ಕೆ, ಅಡ್ಡಡ್ಡ ಅಲ್ಲ. ಒಂದು ಸುತ್ತನ್ನೂ ಬಿಡುವ ಹಾಗಿಲ್ಲ. ಎಂಟು ಸುತ್ತು ಮುಗಿಯುವಾಗ ಮಧ್ಯಾಹ್ನವಾಯಿತು. ನೆರಳುಗಳು ಅಡಗಿದವು. ಕಮಟು ವಾಸನೆ ಬಂತು.

"ಸುರುಳೀ, ಸುರುಳೀ" ಎಂದು ಕಮಟಾಕ್ಷನ ದನಿ ಈಗ ಬಹಳ ಮೃದುವಾಗಿ ಹೇಳಿತು. "ನಿನ್ನ ಉಸಿರು ಕಟ್ಟಿದವಳು ಇವಳೇ. ಮುಗಿಸಲು ಬಂದಿದ್ದಾಳೆ. ಕಚ್ಚು."

ಹಾವು ಕಣ್ಣು ತೆರೆಯಿತು. ಕಣ್ಣಿನಲ್ಲಿ ನೋವು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬಾಲವನ್ನು ಅವಳ ಮಣಿಕಟ್ಟಿಗೆ ಸುತ್ತಿತು. ಉಸಿರು ಕಟ್ಟಿದಂದಿನಿಂದ ಹೊರಗೆ ಬಿಡಲಾಗದ ಬಿಸಿಯೆಲ್ಲ ಅದರ ಮೈಯಲ್ಲಿತ್ತು. ಚರ್ಮ ಸುಟ್ಟ ವಾಸನೆ ಬಂತು. ನೆಲಕ್ಕೆ ಬಿದ್ದ ಧೂಳು ಮಾಂತ್ರಿಕ ಊದಿದೊಡನೆ ಬೂದು ಪತಂಗಗಳಾಗಿ ಎದ್ದು, ಅವಳ ಕಣ್ಣಿಗೆ, ಮೂಗಿಗೆ, ಕಿವಿಗೆ ನುಗ್ಗಿದವು. ಅವಳು ಸೆರಗನ್ನು ಮುಖಕ್ಕೆ ಬಿಗಿದಳು. ಕಣ್ಣು ಮುಚ್ಚಿ, ಬೆರಳಿನಿಂದ ಲೆಕ್ಕವಿಟ್ಟು, ಸುಟ್ಟ ಕೈಯಲ್ಲೇ ಕುಂಚ ಆಡಿಸಿದಳು. ಹನ್ನೆರಡು. ಹದಿನೇಳು. ಇಪ್ಪತ್ತಮೂರು.

ಇಪ್ಪತ್ತಾರನೆಯ ಸುತ್ತಿನಲ್ಲಿ ಹಾವು ಹೆಡೆಯೆತ್ತಿ, ಬಾಯಿ ತೆರೆದು, ಹಲ್ಲನ್ನು ಅವಳ ಕುತ್ತಿಗೆಗೆ ತಾಗಿಸಿತು.

ಚೆಲ್ವಾಂಬೆ ಕುಂಚ ನಿಲ್ಲಿಸಲಿಲ್ಲ. "ಇನ್ನೊಂದು ಸುತ್ತು ಉಳಿದಿದೆ. ಕಚ್ಚುವುದಿದ್ದರೆ ಅದು ಮುಗಿದ ಮೇಲೆ ಕಚ್ಚು. ಅರ್ಧ ಕೆಲಸ ಬಿಟ್ಟು ಸಾಯುವ ಮನೆತನ ನಮ್ಮದಲ್ಲ" ಎಂದಳು.

ಹಾವು ಹಾಗೇ ನಿಂತಿತು. ಹಲ್ಲು ಕುತ್ತಿಗೆಯ ಮೇಲೆ, ಕುಂಚ ಇಪ್ಪತ್ತೇಳನೆಯ ಸುತ್ತಿನ ಮೇಲೆ. ಕೊನೆಯ ಎಳೆ ಧೂಳು ಉದುರಿತು. ಆಗ ಹಾವು ಒಂದು ದೀರ್ಘ ಉಸಿರು ಬಿಟ್ಟಿತು. ಎರಡು ದಿನದ ಬಿಸಿಯೆಲ್ಲ ಆ ಉಸಿರಿನಲ್ಲಿ ಹೊರಗೆ ಬಂತು. ಪತಂಗಗಳು ಅದರಲ್ಲಿ ಉರಿದುಹೋದವು. ಹಾವು ಹೆಡೆ ಇಳಿಸಿ, ಅವಳ ಮಣಿಕಟ್ಟನ್ನು ಬಿಟ್ಟು, ಗುಂಯ್ ಎಂದಿತು.

ಅರಮನೆಯ ಆಳುಕಾಳುಗಳೆಲ್ಲ ಆ ಸದ್ದು ಕೇಳಿ ಅತ್ತರು. ನೆರಳು ಮತ್ತೆ ಮೂಡುವ ಮೊದಲೇ ಎರಡನೆಯ ಚಮಚವೂ ಮಗುವಿಗೆ ಇಳಿಯಿತು. ಚೆಲ್ವಾಂಬೆ ಭರಣಿಯನ್ನು ಪೆಟ್ಟಿಗೆಯ ಒಳಗಿಟ್ಟು ಬಾಗಿಲು ಮುಚ್ಚಿದಳು.

ತಿಮ್ಮರಸಯ್ಯ ಇಣುಕಿ ನೋಡಿ, "ನೋಡಿದೆಯಾ, ಸನ್ಮಾನದ ಪುಣ್ಯ! ತಾನಾಗಿಯೇ ಸರಿಹೋಯಿತು!" ಎಂದ. ಚೆಲ್ವಾಂಬೆ ಕುಂಚವನ್ನು ಒದರಿ ಎತ್ತಿಟ್ಟಳು. ಕೈಗೆ ಬೆಣ್ಣೆ ಹಚ್ಚಿಕೊಂಡು ಹೋಗಿ ಮಲಗಿದಳು.

ಮೂರನೆಯ ದಿನ, ಕೌಮುದಿಯ ಹುಟ್ಟುಹಬ್ಬ. ಬೆಳಿಗ್ಗೆ ಬಂದು ನೋಡಿದರೆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಆದರೆ ಬಿಡುವಿಲ್ಲದೆ, ಏದುಸಿರಿನ ಹಾಗೆ ಎನ್ನುತ್ತಿತ್ತು. ಹೊರಮೈ ಬೆವೆತಿತ್ತು. ಕಾಲಡಿಯಲ್ಲಿ ನೀರು ನಿಂತಿತ್ತು. ಬಾಗಿಲು ತೆರೆದರೆ ಒಳಗೆ ಹಾಲಿನ ಭರಣಿ ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ಒಂದು ಮಂಜಿನ ಗುಡ್ಡ ಬೆಳೆದಿತ್ತು. ಗುಡ್ಡದ ನಡುವೆ, ಬಹಳ ಆಳದಲ್ಲಿ, ಒಂದು ನೀಲಿ ಚುಕ್ಕೆ.

"ಇದಕ್ಕೆ ನನ್ನ ಕಠಾರಿ ಸಾಕು!" ಎಂದು ತಿಮ್ಮರಸಯ್ಯ ಮುನ್ನುಗ್ಗಿದ. ಚೆಲ್ವಾಂಬೆ ಅಡ್ಡ ನಿಂತಳು.

"ಮಂಜಿನ ಹಿಂದೆ ಹಾವಿನ ನರ ಹರಿದಿದೆ. ಕಠಾರಿಯ ತುದಿ ತಾಗಿದರೆ ನರ ತೂತಾಗುತ್ತದೆ. ಹಾವಿನ ಪ್ರಾಣ ಬುಸ್ಸೆಂದು ಹೋಗುತ್ತದೆ. ಆಮೇಲೆ ಯಾರೂ ಸರಿಮಾಡಲಾರರು."

"ಹಾಗಾದರೆ ನೀನೇನು ಮಾಡುತ್ತೀ? ಬಾಯಲ್ಲಿ ಊದುತ್ತೀಯಾ?"

"ಮೊದಲು ಕಾರಣ ಹುಡುಕುತ್ತೇನೆ. ಹೊರಗೆ ಹೋಗಿ ನಿಂತುಕೊಳ್ಳಿ."

ತಿಮ್ಮರಸಯ್ಯ ಗೊಣಗಿಕೊಂಡು ಹೊರಗೆ ಹೋದ. ಮಂಜು ಬೆಳೆಯಬೇಕಾದರೆ ಹೊರಗಿನ ಗಾಳಿ ಒಳಗೆ ಬರುತ್ತಿರಬೇಕು. ಗಾಳಿ ಒಳಗೆ ಬರಬೇಕಾದರೆ ಬಾಗಿಲು ಎಲ್ಲೋ ಸರಿಯಾಗಿ ಕೂತಿರಬಾರದು. ಬಾಗಿಲಿನ ಅಂಚಿಗೆ ಸುತ್ತಲೂ ಒಂದು ಮೆತ್ತನೆಯ ಪಟ್ಟಿ ಇತ್ತು. ಅದು ಬಾಗಿಲನ್ನು ತುಟಿ ಮುಚ್ಚಿದ ಹಾಗೆ ಮುಚ್ಚಬೇಕು. ಚೆಲ್ವಾಂಬೆ ಒಂದು ಓಲೆಗರಿ ತೆಗೆದುಕೊಂಡಳು. ಗರಿಯನ್ನು ಪಟ್ಟಿಯ ನಡುವೆ ಇಟ್ಟು, ಬಾಗಿಲು ಮುಚ್ಚಿ, ಎಳೆದು ನೋಡಿದಳು. ಮೇಲಿನ ಅಂಚಿನಲ್ಲಿ ಗರಿ ಬಿಗಿಯಾಗಿ ಹಿಡಿಯಿತು. ಹಿಡಿಕೆಯ ಕಡೆಯ ಅಂಚಿನಲ್ಲಿ ಬಿಗಿಯಾಗಿ ಹಿಡಿಯಿತು. ಕೆಳಗೆ, ಕೀಲಿನ ಮೂಲೆಯಲ್ಲಿ, ಗರಿ ಬೆಣ್ಣೆಯಲ್ಲಿ ಎಳೆದ ಹಾಗೆ ಸಲೀಸಾಗಿ ಹೊರಗೆ ಬಂತು.

ಅವಳು ಬಗ್ಗಿ ನೋಡಿದಳು. ಪಟ್ಟಿಯ ಅಡಿಯಲ್ಲಿ ಒಂದು ಜರಿಯ ಎಳೆ ಸಿಕ್ಕಿಕೊಂಡಿತ್ತು. ಸನ್ಮಾನದ ಶಾಲಿನ ಎಳೆ. ಒಂದು ತುದಿ ಹೊರಗೆ, ಒಂದು ತುದಿ ಒಳಗೆ. ಅದರ ಗುಂಟ ಇರುವೆಯ ಸಾಲಿನ ಹಾಗೆ ಬಿಸಿಗಾಳಿ ಒಳಗೆ ಹರಿಯುತ್ತಿತ್ತು. ಕಮಟು ವಾಸನೆ ಹೊರಗಿರಲಿಲ್ಲ. ಒಳಗಿತ್ತು.

ಕಮಟಾಕ್ಷ ಆ ಎಳೆಯ ದಾರಿಯಲ್ಲಿ ಉಸಿರಾಗಿ ಪೆಟ್ಟಿಗೆಯ ಒಳಗೆ ಹೋಗಿ ಕೂತಿದ್ದ. ಭರಣಿಯನ್ನು ಮಂಜಿನಲ್ಲಿ ಹೂತು ಮಧ್ಯಾಹ್ನ ಕಳೆಯಲೆಂದು ಕಾಯುತ್ತಿದ್ದ.

ಅಷ್ಟರಲ್ಲಿ ಅಂತಃಪುರದಿಂದ ಕೂಗು ಕೇಳಿತು. ಕೌಮುದಿಯ ಹಾಸಿಗೆ ಹೊಗೆಯಾಡುತ್ತಿತ್ತು. ಅರಸ ಮಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊತ್ತು ತಂದ. ಹಿಂದೆಯೇ ತಿಮ್ಮರಸಯ್ಯನೂ ನುಗ್ಗಿದ. ಬಟ್ಟೆ ಚುರ್ ಎನ್ನುತ್ತಿತ್ತು. ಅಂಗಳದಲ್ಲಿ ಕಂಬದ ನೆರಳು ಒಂದು ಗೇಣಿತ್ತು.

ಚೆಲ್ವಾಂಬೆ ಎರಡು ಉಗುರಿನಿಂದ ಜರಿಯ ಎಳೆಯನ್ನು ಹಿಡಿದು ಸರಕ್ಕನೆ ಎಳೆದಳು. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಪಟ್ಟಿಯನ್ನು ಒರೆಸಿದಳು. ಬಾಗಿಲು ಒತ್ತಿದಳು. ಓಲೆಗರಿ ಇಟ್ಟು ಎಳೆದಳು. ಗರಿ ಅಲ್ಲಾಡಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

"ತೆರೆ" ಎಂದ ಕಮಟಾಕ್ಷ. ಅವಳು ತೆರೆಯಲಿಲ್ಲ.

"ತೆರೆ, ನಾವು ಆಜ್ಞೆ ಮಾಡುತ್ತಿದ್ದೇವೆ" ಎಂದಿತು ಒಳಗಿನಿಂದ ಅರಸನ ದನಿ. ಹೊರಗೆ ನಿಂತ ಅರಸ ಬೆಚ್ಚಿಬಿದ್ದ. ಅವಳು ತೆರೆಯಲಿಲ್ಲ.

"ಚೆಲ್ವತ್ತೆ, ಚಳಿ, ತುಂಬ ಚಳಿ" ಎಂದಿತು ಒಳಗಿನಿಂದ ಕೌಮುದಿಯ ದನಿ. ಹೊರಗೆ ತಂದೆಯ ತೋಳಿನಲ್ಲಿದ್ದ ಕೌಮುದಿಗೆ ಮಾತಾಡುವ ಶಕ್ತಿಯೇ ಇರಲಿಲ್ಲ. ನೆರಳು ನಾಲ್ಕು ಬೆರಳಿಗೆ ಬಂತು.

"ತೆಗೆಯೇ! ಹಾಲು ಒಳಗಿದೆ, ಮಗು ಸಾಯುತ್ತಿದೆ!" ಎಂದು ತಿಮ್ಮರಸಯ್ಯ ಅರಚಿದ. ಅರಸ ಒರೆಯಿಂದ ಕತ್ತಿ ಹಿರಿದು ಅವಳ ಎದೆಗೆ ಇಟ್ಟ.

ಚೆಲ್ವಾಂಬೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮಗುವಿನ ತುಟಿ ಕಪ್ಪಾಗುತ್ತಿರುವುದು ಅವಳಿಗೂ ಕಾಣುತ್ತಿತ್ತು. ತಪ್ಪಿದರೆ ಏನಾಗುತ್ತದೆಂದು ಆ ಮನೆಯಲ್ಲಿ ಅವಳಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. "ಈಗ ತೆರೆದರೆ ಬಿಸಿ ಒಳಗೆ ಹೋಗುತ್ತದೆ, ಅವನು ಹೊರಗೆ ಬರುತ್ತಾನೆ. ಮುಚ್ಚಿದ ಬಾಗಿಲನ್ನು ಮುಚ್ಚಿಯೇ ಇಡುವುದೂ ಒಂದು ಕೆಲಸ ಮಹಾಪ್ರಭು" ಎಂದಳು.

ಹಿಂದೆ ಸುರುಳಿ ಹಾವು ಎಲ್ಲ ಬಲ ಹಾಕಿ ಉಸಿರಾಡುತ್ತಿತ್ತು. ಒಳಗೆ ತಟ್ಟುವುದು ನಿಧಾನವಾಯಿತು. ಆಮೇಲೆ ಕೆರೆಯುವ ಸದ್ದು ಮಾತ್ರ. ಆಮೇಲೆ ಹಲ್ಲು ಕಟಕಟ ಎನ್ನುವ ಸದ್ದು ಮಾತ್ರ. ನೆರಳು ಎರಡು ಬೆರಳಿಗೆ ಬಂತು. ಆಮೇಲೆ ಏನೂ ಇಲ್ಲ.

ಅವಳು ಬೀಗ ತೆಗೆದಳು. ಬಾಗಿಲ ಹಿಂದೆ ಕಡಲೆಕಾಳಿನಷ್ಟು ಒಂದು ಕಪ್ಪು ಗಂಟು ಹೆಪ್ಪುಗಟ್ಟಿ ಬಿದ್ದಿತ್ತು. ಅದೇ ಕಮಟಾಕ್ಷ. ಅವನಲ್ಲಿ ಉಳಿದಿದ್ದ ಕೊನೆಯ ಬಿಸಿಯನ್ನೂ ಹಾವು ಕುಡಿದು ಹೊರಗೆ ಉಗುಳಿತು. ಗಂಟು ಪುಡಿಯಾಯಿತು. ಚೆಲ್ವಾಂಬೆ ಒಲೆಯಿಂದ ತರಿಸಿದ್ದ ಬಿಸಿನೀರಿನ ಬಟ್ಟಲನ್ನು ಮಂಜಿನ ಗುಡ್ಡದ ಅಡಿಯಲ್ಲಿ ಇಟ್ಟು ಕೈ ಹಿಂದೆ ಕಟ್ಟಿ ನಿಂತಳು. ಯಾರೂ ಚುಚ್ಚಲಿಲ್ಲ, ಯಾರೂ ಕೀಳಲಿಲ್ಲ. ಮಂಜು ತಾನಾಗಿಯೇ ಬೆವೆತಿತು, ಸಡಿಲವಾಯಿತು, ಹಾವಿನ ನರದಿಂದ ಕಳಚಿ ಇಡಿಯಾಗಿ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ನಡುವಿನಿಂದ ಭರಣಿ ಉರುಳಿತು. ಹಾಲು ಜೋಗಿತಿ ತಂದ ದಿನದಷ್ಟೇ ನೀಲಿಯಾಗಿತ್ತು.

ಕಂಬದ ನೆರಳು ಕಂಬದೊಳಗೆ ಸೇರುವ ಗಳಿಗೆಯಲ್ಲಿ ಕೊನೆಯ ಚಮಚ ಕೌಮುದಿಯ ಗಂಟಲಿಗೆ ಇಳಿಯಿತು.

ಹೊಗೆ ನಿಂತಿತು. ಮಗು ಕಣ್ಣು ಬಿಟ್ಟು, "ಚೆಲ್ವತ್ತೆ, ನನಗೆ ಹಸಿವು" ಎಂದಿತು.

ಅಂದಿನಿಂದ ಕೆಂಡಗಿರಿಯ ಕಣಜಗಳಲ್ಲಿ ಒಂದು ಕಾಳೂ ಕೊಳೆಯಲಿಲ್ಲ. ಚಳಿಪೆಟ್ಟಿಗೆ ಗೋಡೆಯಿಂದ ಒಂದು ಗೇಣು ದೂರದಲ್ಲಿ, ಶಾಲಿಲ್ಲದೆ, ಬುಟ್ಟಿಯಿಲ್ಲದೆ ನಿಂತಿತು. ಕೌಮುದಿ ಬೆಳೆದಳು, ಪಟ್ಟಕ್ಕೆ ಬಂದಳು, ಚೆನ್ನಾಗಿ ಆಳಿದಳು. ಜನ ಹೊಟ್ಟೆತುಂಬ ಉಂಡು ನೆಮ್ಮದಿಯಿಂದ ಬಾಳಿದರು.

ಆದರೆ ಆ ಹುಟ್ಟುಹಬ್ಬದ ಸಂಜೆ ದರ್ಬಾರಿನಲ್ಲಿ ನಡೆದದ್ದನ್ನೂ ಹೇಳಬೇಕು. ಅರಸ ಚೆಲ್ವಾಂಬೆಗೆ ಜರಿಯ ಶಾಲು ತರಿಸಿದ. ಅವಳು ಬೇಡವೆಂದಳು. ಒಂದು ಗ್ರಾಮ ಉಂಬಳಿ ಕೊಡುತ್ತೇನೆಂದ. ಬೇಡವೆಂದಳು. ದರ್ಬಾರಿನಲ್ಲಿ ಮೊದಲ ಸಾಲಿನ ಆಸನ ಕೊಡುತ್ತೇನೆಂದ. ಬೇಡವೆಂದಳು.

"ಮತ್ತೇನು ಬೇಕು ನಿನಗೆ?"

"ನಾನು ಬಾಗಿಲು ತೆರೆದಿಟ್ಟಿರಲಿಲ್ಲ ಮಹಾಪ್ರಭು. ಕಡತದಲ್ಲಿ ತೆರೆದಿಟ್ಟಳು ಎಂದಿದೆ."

ತಿಮ್ಮರಸಯ್ಯ ತನ್ನ ಉಂಗುರವನ್ನು ತಿರುಗಿಸುತ್ತಾ, "ಶಾಯಿ ಒಣಗಿಹೋಗಿದೆಯಲ್ಲಮ್ಮ" ಎಂದ. ಕೌಮುದಿ ತಂದೆಯ ತೊಡೆಯಿಂದ ಇಳಿದು ಓಡಿಬಂದು, "ತಪ್ಪಾಯ್ತು ಚೆಲ್ವತ್ತೆ" ಎಂದಳು. ಚೆಲ್ವಾಂಬೆ ಸುಟ್ಟ ಕೈಯಿಂದಲೇ ಅವಳ ತಲೆ ಸವರಿದಳು. "ಅದು ನೀನು ಹೇಳಬೇಕಾದ ಮಾತಲ್ಲ ಮಗು" ಎಂದಳು. ಅರಸನ ಕಡೆ ನೋಡಿದಳು. ಅರಸ ಚಾವಣಿಯ ಕಡೆ ನೋಡಿದ.

ಮರುದಿನ ಅರಸ ಅಕ್ಕಸಾಲಿಗನನ್ನು ಕರೆಸಿ, ಕಡತದ ಆ ಸಾಲಿನ ಮೇಲೆ ಚಿನ್ನದ ರೇಕು ಅಂಟಿಸಿದ. ಬಹಳ ಗೌರವದಿಂದ ಅಂಟಿಸಿದ. ಚೆಲ್ವಾಂಬೆ ಅದನ್ನು ನೋಡಿ, "ಇದೂ ಶಾಲೇ. ಹೊದಿಸುವುದು ಬೇರೆ, ಶುಚಿ ಮಾಡುವುದು ಬೇರೆ" ಎಂದು ಹೇಳಿ ಮನೆಗೆ ಬಂದಳು. ತಾನಿರುವವರೆಗೂ ಪೆಟ್ಟಿಗೆಯ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ದರ್ಬಾರಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಎರಡನೆಯ ಸಾಲಿನ ಆ ಆಸನ ಅಂದಿನಿಂದ ಖಾಲಿಯಿದೆ.

ಚಿನ್ನದ ರೇಕು ಇಂದಿಗೂ ಹಾಗೇ ಇದೆ. ಅದರ ಅಡಿಯ ಸಾಲೂ ಹಾಗೇ ಇದೆ.

ಕೆಂಡಗಿರಿಯ ಅರಮನೆಯವರು ನಮ್ಮ ಮನೆತನದ ಕ್ಷಮೆ ಕೇಳಬೇಕು.